ಗ್ರಹಣ ತೋರಿಸಿದರೆ "ನೀವು ಯಾವ ಪಕ್ಷ" ಅಂತಾರೆ, ಏನು ಹೇಳೋದು?

ಭದ್ರಾನಾಲೆ (ದಾವಣಗೆರೆ)
ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು ನಾನು. 2019ರ ಡಿಸೆಂಬರ್ 26ರ ಬೆಳಿಗ್ಗೆ ಸೂರ್ಯಗ್ರಹಣ ಇತ್ತಲ್ವಾ, ಮಕ್ಕಳಿಗೆ ಸೌರ ಕನ್ನಡಕ ಕೊಟ್ಟು ತೋರಿಸಿದೆ. ಗ್ರಹಣ ಬಿಡುವ ಮುಂಚೆಯೇ ಮಂಡಕ್ಕಿ ಹಂಚಿದೆ, ತಿಂದರೆ ಏನೂ ಆಗಲ್ಲ ಅಂತ ಗೊತ್ತಾಗಲಿ ಎಂದು. ಮರುದಿನ ಒಬ್ಬ ಹುಡುಗಿಯ ಅಪ್ಪ ಬಂದು ಕೇಳಿದ್ದು ಒಂದೇ ಮಾತು: "ಮೇಷ್ಟ್ರೇ, ನೀವು ಯಾವ ಪಕ್ಷ?" ಇನ್ನೂ ಮರೆತಿಲ್ಲ. ವಿಜ್ಞಾನ ಓದಿದವರು ನಂಬಿಕೆ ಬಗ್ಗೆ ಬಾಯಿ ಬಿಡಲೇಬಾರದಾ?

ದುರ್ಗದವಳು
ಬಿಡಬೇಕು ಸರ್. ಎಚ್. ನರಸಿಂಹಯ್ಯನವರನ್ನು ನೆನೆಸಿಕೊಳ್ಳಿ. ಭೌತಶಾಸ್ತ್ರದ ಮೇಷ್ಟ್ರು, ಖಾದಿ ಉಟ್ಟ ಗಾಂಧಿವಾದಿ, ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೂ ಹೋದವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು. ನಮ್ಮ ಮುಂದೆ ಮಾಡಿ ತೋರಿಸಿ ಅಂತ ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರಿಗೆ ಪತ್ರ ಬರೆದರು. ಉತ್ತರ ಬರಲಿಲ್ಲ. ಆದರೂ ಅವರು ಕೇಳಿದ್ದು ಪವಾಡದ ಬಗ್ಗೆ, ಯಾರ ಮನೆಯ ದೇವರ ಕೋಣೆಗೂ ಕೈ ಹಾಕಲಿಲ್ಲ.

ಹಳೇಪೇಟೆ
ಮೇಷ್ಟ್ರ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಕನ್ನಡಕ ಸರಿ, ಮಂಡಕ್ಕಿ ಸರಿಯಲ್ಲ. ಮನೆಯಲ್ಲಿ ಉಪವಾಸ ಇರುವ ಮಗುವಿಗೆ ಅಪ್ಪ ಅಮ್ಮನನ್ನು ಕೇಳದೆ ತಿನ್ನಿಸಿದರೆ ಅದು ಪಾಠ ಅಲ್ಲ, ಜಗಳಕ್ಕೆ ಕರೆದ ಹಾಗೆ. ಖಗೋಳ ವಿಜ್ಞಾನಿ ಜಯಂತ್ ನಾರ್ಳೀಕರ್ ಏನು ಮಾಡಿದರು ನೋಡಿ. 2008ರಲ್ಲಿ ಪುಣೆಯಲ್ಲಿ 100 ಚುರುಕು ಮಕ್ಕಳ ಜಾತಕ, ಬುದ್ಧಿ ಬೆಳವಣಿಗೆ ಕುಂಠಿತವಾದ 100 ಮಕ್ಕಳ ಜಾತಕ ಸೇರಿಸಿ, ಯಾವುದು ಯಾರದ್ದು ಹೇಳಿ ಅಂತ ಜ್ಯೋತಿಷಿಗಳಿಗೆ ಕೊಟ್ಟರು. ಉತ್ತರ ಕೊಟ್ಟ 27 ಜನರದ್ದು ಸರಾಸರಿ ಶೇ. 46 ಸರಿ. ನಾಣ್ಯ ಚಿಮ್ಮಿದ್ದರೂ ಅರ್ಧ ಸರಿ ಆಗುತ್ತಿತ್ತು. ಇಲ್ಲಿ ಪಕ್ಷದ ಮಾತು ಎಲ್ಲಿಂದ ಬರಬೇಕು?

ಚಳ್ಳಕೆರೆ ಹುಡುಗ
ಪಕ್ಷ ತಂದವರು ಆ ಅಪ್ಪ ಅಲ್ಲ ಸರ್, ಸರ್ಕಾರಗಳು. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ನಾಗರಿಕರ ಕರ್ತವ್ಯ ಅಂತ ಸಂವಿಧಾನಕ್ಕೆ ಸೇರಿದ್ದೂ 1976ರ 42ನೇ ತಿದ್ದುಪಡಿಯಲ್ಲೇ. ಆಗ ತುರ್ತು ಪರಿಸ್ಥಿತಿ, ಪ್ರಶ್ನೆ ಕೇಳಿದವರು ಜೈಲಲ್ಲಿದ್ದರು. ನನಗೆ ಅದು ತುಂಬಾ ನೋವಿನ ವಿಷಯ. ಆಮೇಲೆ 2001ರಲ್ಲಿ ಯುಜಿಸಿಯೇ (ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಕೇಂದ್ರದ ಆಯೋಗ) ವಿಶ್ವವಿದ್ಯಾಲಯಗಳಲ್ಲಿ ಜ್ಯೋತಿಷ್ಯದ ಕೋರ್ಸಿಗೆ ದಾರಿ ಮಾಡಿತು, ವಿಜ್ಞಾನಿ ಪುಷ್ಪ ಭಾರ್ಗವ ಸುಪ್ರೀಂ ಕೋರ್ಟಿಗೆ ಹೋದರೂ 2004ರಲ್ಲಿ ಅರ್ಜಿ ಬಿದ್ದುಹೋಯಿತು. ಇಷ್ಟೆಲ್ಲಾ ನೋಡಿದ ಜನ, ಯಾರು ಬಾಯಿ ಬಿಟ್ಟರೂ ಹಿಂದೆ ಯಾರಿದ್ದಾರೆ ಅಂತ ಕೇಳದೆ ಇರ್ತಾರಾ?

ಭದ್ರಾನಾಲೆ
ಹಳೇಪೇಟೆಯವರೇ, ಮಂಡಕ್ಕಿ ವಿಷಯ ಒಪ್ಪಿದೆ. ಆ ಹುಡುಗಿ ಅವತ್ತು ತಿಂದಿರಲಿಲ್ಲ, ಕೈಯಲ್ಲೇ ಹಿಡಿದುಕೊಂಡು ನಿಂತಿದ್ದಳು. ಈಗ ನೆನಪಾಗುತ್ತಿದೆ. 2027ರ ಆಗಸ್ಟ್ 2ರ ಸಂಜೆ ನಮ್ಮಲ್ಲಿ ಪಾರ್ಶ್ವ ಗ್ರಹಣ ಇದೆ. ಈ ಸಲ ಮಕ್ಕಳ ಅಪ್ಪ ಅಮ್ಮಂದಿರನ್ನೂ ಕರೆಯುತ್ತೇನೆ, ಅವರಿಗೂ ಕನ್ನಡಕ ತರಿಸುತ್ತೇನೆ.