ಆಮಶಂಕೆ ಅಂದರೆ ಅಮೀಬಾ ಕಾಯಿಲೆ ಮಾತ್ರವಾ?

ಗೆಳೆಯರೇ,

ಕರುಳಿನ ಸೋಂಕುಗಳ ಬಗ್ಗೆ ರೋಗಿಗಳಿಗಾಗಿ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಕರಡು ಓದಿದ ಗೆಳೆಯರೊಬ್ಬರು ‘ಆಮಶಂಕೆ’ ಇದ್ದಲ್ಲೆಲ್ಲ ಗೀಟು ಎಳೆದು ಕಳಿಸಿದ್ದಾರೆ. “ಇದು ಅಮೀಬಾದಿಂದ ಬರೋದು ತಾನೇ? ಬ್ಯಾಕ್ಟೀರಿಯಾ ವಿಷಯ ಬರೆಯುವಾಗ ಇದನ್ನೇಕೆ ಹಾಕಿದ್ದೀರಿ?” ಅಂತ ಅಂಚಿನಲ್ಲಿ ಬರೆದಿದ್ದಾರೆ. ಆಮಕ್ಕೂ ಅಮೀಬಾಕ್ಕೂ ನಂಟಿದೆ ಅಂತ ಅವರು ನಂಬಿಬಿಟ್ಟಿದ್ದಾರೆ.

ನಂಟೇನೂ ಇಲ್ಲ. ಅಮೀಬಾ ಗ್ರೀಕ್ ಮೂಲದ್ದು, ‘ಬದಲಾವಣೆ’ ಅಂತ ಅರ್ಥ. ಆ ಜೀವಿ ಗಳಿಗೆಗೊಂದು ಆಕಾರ ತಾಳುತ್ತದಲ್ಲ, ಅದಕ್ಕೆ ಆ ಹೆಸರು. ಆಮ ಸಂಸ್ಕೃತದ್ದು. ಬೇಯದ್ದು, ಅರಗದ್ದು ಅಂತ. ನಮ್ಮ ಮಾತಿನಲ್ಲಿ ಮಲದ ಜೊತೆ ಬೀಳುವ ಲೋಳೆಯೇ ಆಮ.

ಶಂಕೆ ಇನ್ನೂ ಸೊಗಸು. ಇಲ್ಲಿ ಅದು ಅನುಮಾನ ಅಲ್ಲ, ಲಘುಶಂಕೆಯಲ್ಲಿರುವ ಶಂಕೆ ಅಂತ ನಾನು ಓದಿಕೊಳ್ಳುತ್ತೇನೆ. ಈಗ ಆಗುತ್ತೆ ಅನ್ನಿಸುತ್ತದೆ. ಹೋಗಿ ಕೂತು ತಿಣುಕಿದರೆ ಒಂದಿಷ್ಟು ಲೋಳೆ, ಒಂದಿಷ್ಟು ರಕ್ತ, ಅಷ್ಟೇ. ಎದ್ದು ಬರುವಷ್ಟರಲ್ಲಿ ಮತ್ತೆ ಅದೇ ಶಂಕೆ. ದೊಡ್ಡ ಕರುಳಿನ ಒಳಪದರ ಹುಣ್ಣಾಗಿ ಊದಿಕೊಂಡಾಗ, ಅದರಲ್ಲೂ ಗುದದ ಹತ್ತಿರದ ಭಾಗ ಕೆಟ್ಟಾಗ, ಹೀಗೇ ಆಗುವುದು. ವೈದ್ಯರು ಎರಡು ಸಾಲು ಬರೆಯುವ ಲಕ್ಷಣವನ್ನು ಯಾರೋ ಹಳಬರು ಒಂದು ಪದಕ್ಕೆ ಇಳಿಸಿದ್ದಾರೆ. ಹಾಗಾಗಿ ಇದು ಲಕ್ಷಣದ ಹೆಸರು, ಕ್ರಿಮಿಯ ಹೆಸರಲ್ಲ ಅಂತ ನನ್ನ ವಾದ.

ಆ ಲಕ್ಷಣ ತರುವ ಕ್ರಿಮಿಗಳಲ್ಲಿ ಮುಖ್ಯವಾದವು ಎರಡು. ಒಂದು ಅಮೀಬಾ, ಅದನ್ನು 1875ರಲ್ಲಿ ರಷ್ಯಾದಲ್ಲಿ ಲ್ಯೋಶ್ ಅನ್ನುವ ವೈದ್ಯರು ರೋಗಿಯೊಬ್ಬನ ಮಲದಲ್ಲಿ ಕಂಡು ವಿವರಿಸಿದರು. ಇನ್ನೊಂದು ಶಿಗೆಲ್ಲಾ ಬ್ಯಾಕ್ಟೀರಿಯಾ. 1897ರಲ್ಲಿ ಜಪಾನಿನಲ್ಲಿ ಆಮಶಂಕೆ ಹಬ್ಬಿದಾಗ ಕಿಯೋಶಿ ಶಿಗಾ ಅದನ್ನು ಕಂಡುಹಿಡಿದರು, ಹೆಸರೂ ಅವರದೇ. ಅಮೀಬಾದ್ದು ಸಾಮಾನ್ಯವಾಗಿ ಮೆಲ್ಲಗೆ ಏರುತ್ತದೆ. ಶಿಗೆಲ್ಲಾ ಒಂದೆರಡು ದಿನದಲ್ಲೇ ಜ್ವರ ಸಮೇತ ಬಂದು ಮಲಗಿಸುತ್ತದೆ. ಎರಡಕ್ಕೂ ಔಷಧ ಬೇರೆ. ಪದ ಅಮೀಬಾಕ್ಕೆ ಅಂಟಿಕೊಂಡರೆ ಓದುವವರು ಅಮೀಬಾದ ಮಾತ್ರೆ ನುಂಗಿ ಸುಮ್ನೆ ಕೂರುತ್ತಾರೆ. ನನಗೆ ಇರುವ ಭಯ ಅದು.

ಹಾಗಂತ ‘ರಕ್ತಭೇದಿ’ ಅಂತ ಹಾಕಿ ಕೈತೊಳೆದುಕೊಳ್ಳೋಣ ಅಂದರೆ ಭೇದಿಯದು ಬೇರೆ ತೊಂದರೆ. “ಭೇದಿಗೆ ಔಷಧ ತಗೊಂಡೆ” ಅಂದರೆ ನಿಲ್ಲಿಸೋಕಾ, ಆಗಲಿ ಅಂತಲಾ? ಎರಡೂ ಸರಿಯಾದ ಕನ್ನಡವೇ! ದಿನಕ್ಕೆ ಮೂರು ಅಥವಾ ಅದಕ್ಕಿಂತ ಜಾಸ್ತಿ ಸಲ ನೀರಾಗಿ ಹೋದರೆ ಭೇದಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಕೊಟ್ಟಿದೆ. ಆದರೆ ಎಷ್ಟು ಸಲ ಅನ್ನುವುದರಷ್ಟೇ, ಹೋದದ್ದು ಹೇಗಿತ್ತು ಅನ್ನುವುದೂ ವೈದ್ಯರಿಗೆ ಬೇಕು. ಅಕ್ಕಿ ತೊಳೆದ ನೀರಿನ ಹಾಗೆ ಧಾರೆಯಾಗಿ ಹೋದರೆ ಕಾಲರಾ ನೆನಪಾಗಬೇಕು. ಅಲ್ಲಿ ಸಣ್ಣ ಕರುಳು ನೀರು ಸುರಿಸುತ್ತದೆ, ರಕ್ತ ಇರುವುದಿಲ್ಲ, ತಿಣುಕಾಟವೂ ಇಲ್ಲ. ಕೆಲವೇ ಗಂಟೆಯಲ್ಲಿ ಮೈಯ ನೀರೆಲ್ಲ ಹೋಗಿ ಜೀವಕ್ಕೇ ಬರಬಹುದು. ಭೇದಿ ಅನ್ನುವ ಒಂದೇ ಚೀಲದಲ್ಲಿ ಇದನ್ನೂ ಆಮಶಂಕೆಯನ್ನೂ ತುಂಬಿದರೆ ಹೇಗೆ? ‘ಅತಿಸಾರ’ ಅರ್ಥದಲ್ಲಿ ಸರಿ, ಜಾಸ್ತಿ ಹರಿಯುವುದು ಅಂತಲೇ. ಆದರೆ ಹೊಟ್ಟೆ ಹಿಡಿದುಕೊಂಡು ಬಂದವರು ಯಾರೂ ಅತಿಸಾರ ಅನ್ನುವುದಿಲ್ಲ. ‘ಕರುಳುಬೇನೆ’ ಪತ್ರಿಕೆಗಳಲ್ಲಿ ಕಾಣುತ್ತದೆ, ಕಾಲರಾಕ್ಕೂ ಅದೇ, ಬರೀ ವಾಂತಿಭೇದಿಗೂ ಅದೇ.

‘ಸೋಂಕು’ ಬಗ್ಗೆಯೂ ಒಂದು ಗೊಣಗಾಟ. ಹಳಗನ್ನಡದಲ್ಲಿ ಸೋಂಕು ಅಂದರೆ ಮುಟ್ಟುವುದು. ಅದಕ್ಕೇ ಇರಬೇಕು, ರೋಗಿಯನ್ನು ಮುಟ್ಟಿದರೆ ಬರುತ್ತದೆ ಅಂತ ಜನ ದೂರ ನಿಲ್ಲುತ್ತಾರೆ, ಆದರೆ ಕೈ ತೊಳೆಯುವುದಿಲ್ಲ. ಈ ಕಾಯಿಲೆಗಳು ಬರುವ ದಾರಿ ಚರ್ಮ ಅಲ್ಲ, ಬಾಯಿ. ಒಬ್ಬರ ಮಲದಲ್ಲಿದ್ದದ್ದು ನೀರು, ನೊಣ, ಬೆರಳು, ತಿನಿಸು ಹಿಡಿದು ಇನ್ನೊಬ್ಬರ ಬಾಯಿಗೆ ಬರಬೇಕು. ಶಿಗೆಲ್ಲಾ ಆದರೆ ನೂರಕ್ಕಿಂತ ಕಡಿಮೆ ಕ್ರಿಮಿ ಸಾಕು, ಉಗುರಿನ ಸಂದಿಯೇ ಬೇಕಾದಷ್ಟಾಯಿತು. ಕಾಲರಾಕ್ಕೆ ಸಾಮಾನ್ಯವಾಗಿ ಲಕ್ಷಗಟ್ಟಲೆ ಬೇಕು, ಹಾಗಾಗಿ ಅದು ಹೆಚ್ಚಾಗಿ ಕೆಟ್ಟ ನೀರಿನ ಸವಾರಿ. ಕೈಪಿಡಿಯಲ್ಲಿ ‘ಮಲದಿಂದ ಬಾಯಿಗೆ’ ಅಂತ ನೇರವಾಗಿ ಬರೆದೆ. “ಅಸಹ್ಯ, ತೆಗೆಯಿರಿ” ಅಂತ ಅದಕ್ಕೂ ಗೀಟು ಬಿದ್ದಿದೆ. ನಾನು ತೆಗೆಯುವುದಿಲ್ಲ. ಅಸಹ್ಯ ಆಗಲಿ ಅಂತಲೇ ಬರೆದದ್ದು.

ಪರೀಕ್ಷೆಯ ಪದಗಳಲ್ಲಿ ಪೇಚು ಜಾಸ್ತಿ. ಯಂತ್ರಕ್ಕೆ ‘ಸ್ಟೂಲ್ ಕಲ್ಚರ್’ ಅನುವಾದ ಮಾಡು ಅಂದರೆ ‘ಮಲ ಸಂಸ್ಕೃತಿ’ ಅಂತ ಕೊಟ್ಟಿತು, ನಕ್ಕು ಸಾಕಾಯಿತು. ‘ಕಲ್ಚರ್’ ಅಂತಲೇ ಉಳಿಸಿ, ಒಮ್ಮೆ ‘ಕ್ರಿಮಿ ಬೆಳೆಸಿ ನೋಡುವ ಪರೀಕ್ಷೆ’ ಅಂತ ಬಿಡಿಸಿ ಹೇಳಿದ್ದೇನೆ. ‘ಬೆಳೆಸಿ’ ಅನ್ನುವುದು ಇದ್ದರೆ ವರದಿಗೆ ಎರಡು ಮೂರು ದಿನ ಯಾಕೆ ಹಿಡಿಯುತ್ತದೆ ಅಂತಲೂ ತಿಳಿಯುತ್ತದೆ. ಟೈಫಾಯ್ಡ್‌ಗೆ ಮಲಕ್ಕಿಂತ ಮೊದಲು ರಕ್ತದ ಕಲ್ಚರ್ ಯಾಕೆ ಅಂತ ಕೇಳುವವರೂ ಇದ್ದಾರೆ. ಅದು ಕರುಳಿನಲ್ಲಿ ಹೊಕ್ಕರೂ ಅಲ್ಲೇ ನಿಲ್ಲುವುದಿಲ್ಲ, ರಕ್ತಕ್ಕೆ ಇಳಿಯುತ್ತದೆ. ಭೇದಿಯೇ ಆಗದೆ ಬರೀ ಜ್ವರ, ಮಲಬದ್ಧತೆ ಆದವರೂ ಉಂಟು. ಕ್ರಿಮಿಯನ್ನು ಹುಡುಕದೆ, ಅದರ ವಿರುದ್ಧ ಮೈ ಮಾಡಿಕೊಂಡ ಪ್ರತಿಕಾಯಗಳನ್ನು ಹುಡುಕುವ 1896ರ ವಿಡಾಲ್ ಪರೀಕ್ಷೆ ಇನ್ನೂ ನಡೆದಿದೆ. ಹಳೆಯ ಸೋಂಕು, ಲಸಿಕೆ, ಬೇರೆ ಜ್ವರ, ಯಾವುದಕ್ಕೂ ಅದು ಪಾಸಿಟಿವ್ ಬರಬಹುದು. ‘ಪಾಸಿಟಿವ್’ ಅಂದಕೂಡಲೇ ‘ರೋಗ ಇದೆ’ ಅಂತ ಬರೆಯಲು ನನಗೆ ಕೈ ಬರುವುದಿಲ್ಲ.

ಇನ್ನೊಂದು, ‘ವಾಹಕ’. ರೋಗ ಸಾಗಿಸುವ ಸೊಳ್ಳೆಯೂ ವಾಹಕ, ತಾನು ಗಟ್ಟಿಮುಟ್ಟಾಗಿದ್ದು ಪಿತ್ತಕೋಶದಲ್ಲಿ ಟೈಫಾಯ್ಡ್ ಕ್ರಿಮಿ ಸಾಕಿಕೊಂಡ ಮನುಷ್ಯನೂ ವಾಹಕ. ನ್ಯೂಯಾರ್ಕಿನ ಅಡುಗೆಯವಳು ಮೇರಿ ಮ್ಯಾಲನ್ ಅಂಥವಳು. ಒಟ್ಟು ಸುಮಾರು 26 ವರ್ಷ ಅವಳನ್ನು ಬೇರೆ ಇರಿಸಿದ್ದರು. ಮನುಷ್ಯರಿಗೆ ಬೇರೆ ಪದ ಬೇಡವಾ?

ಈಗ ನನಗೆ ಬೇಕಾದದ್ದು ಎರಡು. ನಿಮ್ಮ ಮನೆಮಾತಿನಲ್ಲಿ ಆಮಶಂಕೆ ಅಂದಾಗ ರಕ್ತ ಇರಲೇಬೇಕಾ, ಲೋಳೆ ಮಾತ್ರ ಇದ್ದರೂ ಆದೀತಾ? ಮತ್ತೆ ಮೇರಿಯಂಥವರಿಗೆ ‘ಒಳಹೊತ್ತವರು’ ಅಂದರೆ ಅರ್ಥ ಆಗುತ್ತದಾ, ಅಥವಾ ಬಸುರಿ ಅಂದುಕೊಳ್ಳುತ್ತಾರಾ?