ಗೋಧಿ ಬಿಟ್ಟರೆ ಥೈರಾಯ್ಡ್ ಮಾತ್ರೆ ಬಿಡಬಹುದಾ? ಡಾಕ್ಟರ್ ಜೊತೆ ಪ್ರಶ್ನೋತ್ತರ (ಬನಶಂಕರಿ ಅಪಾರ್ಟ್‌ಮೆಂಟ್ ಗ್ರೂಪ್)

ಎ-104: ಡಾಕ್ಟ್ರೇ ನಮಸ್ಕಾರ. ಥೈರಾಯ್ಡ್ ಕಮ್ಮಿ ಇರೋರು ಗೋಧಿ, ಮೈದಾ, ರವೆ ಬಿಟ್ರೆ 3 ತಿಂಗಳಲ್ಲಿ ಮಾತ್ರೆನೇ ಬೇಡ ಅಂತ ಫಾರ್ವರ್ಡ್ ಬಂದಿದೆ. ನಿಜಾನಾ?

ಡಾಕ್ಟರ್: ನಮಸ್ಕಾರ. ನಿಜ ಅಲ್ಲ. ಗೋಧಿಯಲ್ಲಿರೋ ಗ್ಲುಟನ್ ಅನ್ನೋ ಪ್ರೋಟೀನ್ ಬಿಟ್ಟ ಮಾತ್ರಕ್ಕೆ ಸೋತ ಗ್ರಂಥಿ ಮತ್ತೆ ಹಾರ್ಮೋನ್ ಮಾಡಲ್ಲ. ಸೀಲಿಯಾಕ್ ಕಾಯಿಲೆ (ಗ್ಲುಟನ್‌ನಿಂದ ಸಣ್ಣ ಕರುಳು ಹಾಳಾಗೋದು) ಇದ್ದರೆ ಗೋಧಿ, ಬಾರ್ಲಿ ಪೂರ್ತಿ ಬಿಡಲೇಬೇಕು. ಥೈರಾಯ್ಡ್ ಇರೋರಲ್ಲಿ ಅಂಥವರು ಕೆಲವರೇ. ಮಾತ್ರೆ ಮುಂದುವರಿಸಿ.

ಬಿ-201: ಸರ್, ಹಾಗಾದ್ರೆ ಚಪಾತಿ ತಿನ್ನಬಹುದಾ?

ಡಾಕ್ಟರ್: ತಿನ್ನಿ.

ಸಿ-302: ಡಾಕ್ಟ್ರೇ, ನನ್ನ ತಂಗಿಗೆ 34 ವರ್ಷ. ಹಾಶಿಮೊಟೊ ಅಂದಿದ್ದಾರೆ. ಮಾತ್ರೆ 75 ಮೈಕ್ರೋಗ್ರಾಂನಿಂದ ಏರಿಸಿ ಏರಿಸಿ 150ಕ್ಕೆ ಬಂದಿದೆ, ಟಿಎಸ್‌ಎಚ್ (ಥೈರಾಯ್ಡ್ ಕಮ್ಮಿ ಆದ್ರೆ ರಕ್ತದಲ್ಲಿ ಏರೋದು) ಇನ್ನೂ 14. ದಿನಾ ನಾನೇ ಕೈಯಾರೆ ಕೊಡ್ತೀನಿ. ಹಿಮೋಗ್ಲೋಬಿನ್ 8.2, ಐರನ್ ಮಾತ್ರೆಗೂ ಏರ್ತಿಲ್ಲ. ಹೊಟ್ಟೆ ಉಬ್ಬರ, ಆಗಾಗ ಭೇದಿ, ಇಳಿದುಹೋಗಿದ್ದಾಳೆ. ಸೋಮವಾರದಿಂದ ಗೋಧಿ ಬಿಡಿಸ್ತೀವಿ.

ಡಾಕ್ಟರ್: ಸೋಮವಾರ ಬಿಡಿಸಬೇಡಿ. ಪೂರ್ತಿ ಓದಿ.
ಥೈರಾಯ್ಡ್ ಕಮ್ಮಿ ಆದೋರು ಸಾಮಾನ್ಯವಾಗಿ ದಪ್ಪ ಆಗ್ತಾರೆ, ಮಲಬದ್ಧತೆ ಇರುತ್ತೆ. ನಿಮ್ಮ ತಂಗಿಗೆ ಎರಡೂ ಉಲ್ಟಾ. ನನಗೆ ಚಿಂತೆ ಆಗಿರೋದು ಇದಕ್ಕೇ. ಹಾಶಿಮೊಟೊದಲ್ಲಿ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಗ್ರಂಥಿ ಮೇಲೆ ಬೀಳುತ್ತೆ. ಅಂಥವರಿಗೆ ಸೀಲಿಯಾಕ್ ಬರೋ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ. ಸಣ್ಣ ಕರುಳಿನ ಒಳಗೆ ಟರ್ಕಿ ಟವೆಲ್ ಎಳೆಗಳ ಹಾಗೆ ಇರೋದು ಸೀಲಿಯಾಕ್‌ನಲ್ಲಿ ಸವೆದು ಚಪ್ಪಟೆ ಆಗುತ್ತೆ. ಆಮೇಲೆ ಥೈರಾಯ್ಡ್ ಮಾತ್ರೆನೂ ಮೈಗೆ ಹತ್ತಲ್ಲ, ಐರನ್ನೂ ಹತ್ತಲ್ಲ.
ಸೀಲಿಯಾಕ್ ಇದೆಯಾ ನೋಡೋಕೆ ಟಿಟಿಜಿ-ಐಜಿಎ ಜೊತೆಗೆ ಟೋಟಲ್ ಐಜಿಎ ರಕ್ತ ಪರೀಕ್ಷೆ ಮಾಡಿಸಿ, ಗೋಧಿ ತಿನ್ನುತ್ತಾ ಇರುವಾಗಲೇ. ಬಿಟ್ಟ ಮೇಲೆ ಮಾಡಿಸಿದರೆ ಕಾಯಿಲೆ ಇದ್ದೂ ರಿಪೋರ್ಟ್ ನಾರ್ಮಲ್ ಬರಬಹುದು. ಪಾಸಿಟಿವ್ ಬಂದರೆ ಎಂಡೋಸ್ಕೋಪಿ ಆಗೋವರೆಗೂ ಬಿಡಬೇಡಿ.
ಖಚಿತ ಆದರೆ ಜೀವನಪೂರ್ತಿ ಪಥ್ಯ. ಚಪಾತಿ, ಉಪ್ಪಿಟ್ಟು, ಶಾವಿಗೆ ಅಷ್ಟೇ ಅಲ್ಲ. ಅಂಗಡಿ ಇಂಗಿನ ಡಬ್ಬಿ ಹಿಂದೆ ಓದಿ, ಮೈದಾ ಅಥವಾ ಗೋಧಿ ಹಿಟ್ಟು ಬೆರೆಸಿರ್ತಾರೆ. ಗೋಧಿ ಬೀಸೋ ಗಿರಣಿಯಲ್ಲೇ ರಾಗಿ ಬೀಸಿಸಿದರೂ ಆಗಲ್ಲ. ಕರುಳು ವಾಸಿ ಆಗ್ತಾ ಬಂದ ಹಾಗೆ 150ರ ಡೋಸ್ ಅತಿ ಆಗಬಹುದು, 6–8 ವಾರಕ್ಕೊಮ್ಮೆ ಟಿಎಸ್‌ಎಚ್ ನೋಡಿಸಿ.
ಒಂದು ಪ್ರಶ್ನೆ: ಐರನ್ ಮಾತ್ರೆ ಯಾವಾಗ ಕೊಡ್ತೀರಾ?

ಸಿ-302: ಎರಡೂ ಒಟ್ಟಿಗೇ ಡಾಕ್ಟ್ರೇ, ಬೆಳಿಗ್ಗೆ.

ಡಾಕ್ಟರ್: ನಾಳೆಯಿಂದ 4 ಗಂಟೆ ಅಂತರ ಇಡಿ. ಟಿಎಸ್‌ಎಚ್ ಇಳಿಯದೇ ಇರೋಕೆ ಇದೂ ಕಾರಣ ಇರಬಹುದು. ಭೇದಿಗೆ, ತೂಕ ಇಳಿದಿದ್ದಕ್ಕೆ ಇದು ಉತ್ತರ ಅಲ್ಲ. ಪರೀಕ್ಷೆ ಬೇಕೇ ಬೇಕು.

ಡಿ-110: ಕೊತ್ತಂಬರಿ ಬೀಜ ರಾತ್ರಿ ನೆನೆಸಿ ಆ ನೀರು 21 ದಿನ ಕುಡಿದರೆ ಥೈರಾಯ್ಡ್ ಮಾಯ. ಎಲ್ಲರಿಗೂ ಕಳಿಸಿ 🙏

ಡಾಕ್ಟರ್: ನೀರು ಕುಡೀರಿ. ಮಾತ್ರೆ ನಿಲ್ಲಿಸಬೇಡಿ. ಗ್ರಂಥಿ ಪೂರ್ತಿ ಸೋತವರು ತಿಂಗಳುಗಟ್ಟಲೆ ನಿಲ್ಲಿಸಿದರೆ ಮೈ ಊದಿ, ಮಂಪರು ಕವಿದು ಐಸಿಯು ಸೇರೋ ಸ್ಥಿತಿ ಬರಬಹುದು. ಇಂಥವು ಇಲ್ಲಿ ಬೇಡ.

ಎ-209: ಡಾಕ್ಟ್ರೇ, ಎಲೆಕೋಸು, ಮೂಲಂಗಿ ತಿನ್ನಬಹುದಾ?

ಡಿ-110: ನಮ್ಮಜ್ಜಿ ಕಾಲದಲ್ಲಿ ಯಾರಿಗ್ರೀ ಇತ್ತು ಥೈರಾಯ್ಡ್? ಮುದ್ದೆ ಉಂಡು ಗಟ್ಟಿಯಾಗಿದ್ರು. ಗೋಧಿ ಬಂದ್ಮೇಲೇ ಇದೆಲ್ಲಾ.

ಎ-407: ಇತ್ತು ಸ್ವಾಮಿ. ಗಳಗಂಡ ಅಂತಿದ್ರು. ಉಪ್ಪಿಗೆ ಅಯೋಡಿನ್ ಹಾಕಿದ್ದೇ ಅದಕ್ಕೆ.

ಬಿ-305: ನಮ್ಮ ವಿಜಯಪುರದಾಗ ಮೂರೂ ಹೊತ್ತು ಜ್ವಾಳದ ರೊಟ್ಟಿ ತಿಂತೀವ್ರಿ. ಜ್ವಾಳದಾಗ ಗ್ಲುಟನ್ ಇಲ್ಲ. ನಮ್ಮವ್ವಗೂ ಅಕ್ಕಗೂ ಥೈರಾಯ್ಡ್ ಐತಿ. ಅದಕ್ಕೇನಂತೀರಿ?

ಡಿ-110: ನಿಮ್ಮ ಮನೆ ಕತೆ ಊರ ಕತೆ ಅಲ್ಲ.

ಬಿ-305: ನಿಮ್ಮಜ್ಜಿ ಕತಿ ಊರ ಕತಿ ಏನ್ರಿ ಮತ್ತ?

ಬಿ-201: ಸರ್, ರವೆ ಇಡ್ಲಿ?

ಡಾಕ್ಟರ್: ಚಪಾತಿಗೆ ಹೇಳಿದ್ದೇ.

ಎ-118: ಮಾತ್ರೆ ಆದ ಕೂಡಲೇ ಕಾಫಿ?

ಡಾಕ್ಟರ್: ಅರ್ಧದಿಂದ 1 ಗಂಟೆ ಬಿಟ್ಟು.

ಸಿ-115: ಡಾಕ್ಟ್ರೇ, ಸೊಸೆ 2 ತಿಂಗಳ ಬಸುರಿ. ಈ ಗೋಧಿ ಫಾರ್ವರ್ಡ್ ನೋಡಿ ಮಾತ್ರೆ ಬಿಟ್ಟು 15 ದಿನ ಆಯ್ತು. ಪರವಾಗಿಲ್ವಾ?

ಡಾಕ್ಟರ್: ಹಾಗೆ ಬಿಡೋ ಹಾಗಿಲ್ಲ ಅಮ್ಮ. ಮೊದಲ ತಿಂಗಳುಗಳಲ್ಲಿ ಮಗುವಿನ ಮೆದುಳು ಬೆಳೆಯೋಕೆ ತಾಯಿಯ ಹಾರ್ಮೋನೇ ಆಧಾರ. ಬಸುರಿಯಲ್ಲಿ ಡೋಸ್ ಸಾಮಾನ್ಯವಾಗಿ ಏರಿಸಬೇಕಾಗುತ್ತೆ, ಬಿಡೋದಲ್ಲ. ಮೊದಲಿನ ಮಾತ್ರೆ ಇವತ್ತೇ ಶುರು ಮಾಡಿಸಿ. ನಾಳೆ ಬೆಳಿಗ್ಗೆ ಟಿಎಸ್‌ಎಚ್ ಮಾಡಿಸಿ ಅವರ ಡಾಕ್ಟರನ್ನ ನೋಡಿ.

ಡಿ-110: ಡಾಕ್ಟರ್ ಅಂತ ಎಲ್ಲರ ಬಾಯಿ ಮುಚ್ಚಿಸೋದು ಸರಿಯಲ್ಲ.

ಡಾಕ್ಟರ್: ಮೇಲಿನ ಪ್ರಶ್ನೆ ಓದಿದ್ರಾ? ನಿಮ್ಮ ಫಾರ್ವರ್ಡ್ ಡಿಲೀಟ್ ಮಾಡಿ. ಸಿ-115, ನಾಳೆ ರಿಪೋರ್ಟ್ ಬಂದ ಕೂಡಲೇ ಫೋನ್ ಮಾಡಿ, ಎಷ್ಟೊತ್ತಾದ್ರೂ ಸರಿ.