ಸಿಪಿಲೆ ಹೋದ ದಿನ ಗೊತ್ತಾಗೋದು ಹೇಗೆ

ಅಕ್ಕಾ, ಉತ್ತರ ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಾದಾಗ ಕೇಳಿಸ್ಕೊಳ್ಳಿ. ನಮ್ಮ ಹಕ್ಕಿ ನೋಡೋರ ಗುಂಪಿನಲ್ಲಿ ನೀವು ಕೇಳಿದ್ದು ಎರಡು. ಕೆರೆ ಏರಿ ಮೇಲೆ ತೆಗೆದ ಫೋಟೋದಲ್ಲಿರೋ ಹಳದಿ ಹೊಟ್ಟೆ ಹಕ್ಕಿ ಯಾವುದು ಅಂತ ಒಂದು. ಹೋದ ವಾರ ಕಿಕ್ಕಿರಿದಿದ್ದ ಬಾತುಗಳು ಈ ವಾರ ಕಾಣ್ತಿಲ್ಲ, ವಲಸೆ ಹೊರಟುಬಿಟ್ವಾ ಅಂತ ಇನ್ನೊಂದು.

ಫೋಟೋದಲ್ಲಿ ಮೊದಲು ಕಾಲು ನೋಡಿ. ಕಪ್ಪಗಿದೆ. ಅಲ್ಲಿಗೆ ಅದು ಹಳದಿ ಸಿಪಿಲೆ, ಕುಂಡೆಕುಸ್ಕ ಅಂತಾರಲ್ಲ, ಅದರಲ್ಲೇ ಒಂದು. ಬೂದು ಸಿಪಿಲೆಗೂ ಹೊಟ್ಟೆ ಹಳದೀನೇ. ಆದ್ರೆ ಅದರ ಕಾಲು ಮಾಸಲು ಗುಲಾಬಿ, ಬೆನ್ನು ಪೂರ್ತಿ ಬೂದಿ, ಬಾಲ ಇನ್ನೂ ಉದ್ದ. ಹಳದಿ ಸಿಪಿಲೆಯ ಬೆನ್ನಲ್ಲಿ ಹಸಿರು ಛಾಯೆ ಇರುತ್ತೆ. ಇನ್ನು ತಲೆ. ಡಿಸೆಂಬರಲ್ಲಿ ಇವೆಲ್ಲ ಒಂದೇ ಥರ ಮಾಸಲಾಗಿರ್ತವೆ. ಮಾರ್ಚ್-ಏಪ್ರಿಲ್‌ಗೆ ತಲೆ, ಮೈ ಗರಿ ಹೊಸದಾಗಿ ಬಂದಾಗ ಗಂಡುಗಳಲ್ಲಿ ಉಪಜಾತಿ ಬೇರೆ ಬೇರೆ ಅಂತ ತಿಳಿಯುತ್ತೆ. ಕಡು ಬೂದಿ ತಲೆ, ಹುಬ್ಬು ಇಲ್ಲ ಅನ್ನೋ ಹಾಗಿದ್ರೆ ಥನ್‌ಬರ್ಗಿ. ತಿಳಿ ನೀಲಿಬೂದಿ ತಲೆಗೆ ಎದ್ದು ಕಾಣೋ ಬಿಳಿ ಹುಬ್ಬಿದ್ರೆ ಬೀಮಾ. ಪೂರ್ತಿ ಕರಿ ತಲೆ ಆದ್ರೆ ಫೆಲ್ಡೆಗ್. ನಿಮ್ಮ ಫೋಟೋದ್ದು ಇನ್ನೂ ಅರ್ಧಂಬರ್ಧ, ತಲೆ ತೇಪೆ ತೇಪೆ ಆಗಿದೆ. ಅದಕ್ಕೆ ಉಪಜಾತಿ ಹೆಸರು ಕಟ್ಟೋಕೆ ಹೋಗ್ಬೇಡಿ, ಬರೀ ಹಳದಿ ಸಿಪಿಲೆ ಅಂತ ಬರ್ಕೊಳ್ಳಿ.

ಬಣ್ಣ ಬರೋಕೆ ಗರಿ ಬದಲಾಗಲೇಬೇಕು ಅಂತಿಲ್ಲ ನೋಡಿ. ಮುತ್ತುಗ, ಬೂರುಗದ ಹೂವಿಗೆ ಗದ್ದಲ ಮಾಡ್ಕೊಂಡು ಬರೋ ಗುಲಾಬಿ ಕಬ್ಬಕ್ಕಿ ಇದೆಯಲ್ಲ, ಅದು ಚಳಿಗಾಲದಲ್ಲಿ ಮಣ್ಣು ಮೆತ್ತಿದ ಹಾಗೆ ಕಾಣುತ್ತೆ. ಗರಿ ತುದಿಯ ಆ ಮಾಸಲು ಅಂಚು ಸವೆದು ಹೋದ ಹಾಗೆ ಒಳಗಿನ ಗುಲಾಬಿ ಹೊರಗೆ ಬರುತ್ತೆ. ಬಟ್ಟೆ ಹಳೇದಾದಷ್ಟೂ ಬಣ್ಣ ಏರೋದು ಅದಕ್ಕೆ ಮಾತ್ರ ಸಾಧ್ಯ ಏನೋ!

ಈಗ ಬಾತು. ಅವಸರದಲ್ಲಿ 'ವಲಸೆ ಹೋದ್ವು' ಅಂತ ಬರೀಬೇಡಿ, ಮೊದಲು ಯಾವ ಬಾತು ಇಲ್ಲ ಅಂತ ನೋಡಿ. ಚುಕ್ಕೆ ಕೊಕ್ಕಿನ ಬಾತು, ಅಂದ್ರೆ ಕೊಕ್ಕಿನ ತುದಿ ಹಳದಿ ಇರುತ್ತಲ್ಲ ಅದು, ಮತ್ತೆ ಸಿಳ್ಳೆ ಬಾತು, ಇವೆರಡೂ ಇಲ್ಲಿನವೇ. ಇವೂ ಕಾಣ್ತಿಲ್ಲ ಅಂದ್ರೆ ತೊಂದರೆ ಕೆರೆಯಲ್ಲೇ ಇದೆ. ನೀರು ಇಳಿದಿರಬೇಕು, ಇಲ್ಲಾ ಯಾರೋ ಬಲೆ ಹಾಕಿ ಎಬ್ಬಿಸಿರಬೇಕು. ಬಾತುಗಳು ಪಕ್ಕದ ಕೆರೆಗೆ ಹೋಗಿರ್ತವೆ ಅಷ್ಟೆ. ಇವು ಆರಾಮಾಗಿದ್ದು, ಬಿಳಿ ಹುಬ್ಬಿನ ಗಾರ್ಗನಿ, ಸೂಜಿಬಾಲದ ಬಾತು ಮಾತ್ರ ಇಲ್ಲ ಅಂದ್ರೆ ಉತ್ತರಕ್ಕೆ ಹೊರಟಿರೋ ಸಾಧ್ಯತೆ ಜಾಸ್ತಿ. ಹೊರಡೋದು ಕಣ್ಣಿಗೆ ಬೀಳೋದೇ ಕಷ್ಟ, ಯಾಕಂದ್ರೆ ಬಾತು, ಗೊರವಗಳು (ದಡದ ಕೆಸರಲ್ಲಿ ಮೇಯೋ ಹಕ್ಕಿಗಳು) ಹೆಚ್ಚಾಗಿ ಸೂರ್ಯ ಮುಳುಗಿದ ಮೇಲೆ ಏಳ್ತವೆ. ಸಂಜೆ ಗುಂಪಾಗಿ ಎದ್ದು, ಕೂಗ್ತಾ ಎರಡು ಸುತ್ತು ಹಾಕಿ ಮತ್ತೆ ಇಳಿಯೋದು ಕಂಡ್ರೆ ಮಾರನೇ ದಿನ ಬೆಳಗ್ಗೆ ತಪ್ಪಿಸದೆ ಹೋಗಿ ಎಣಿಸಿ.

ಹಕ್ಕಿ ಬಂದ ದಿನ ಎಲ್ಲರ ಕಣ್ಣಿಗೂ ಬೀಳುತ್ತೆ. ಹೋದ ದಿನ ಗೊತ್ತಾಗ್ಬೇಕು ಅಂದ್ರೆ 'ಇವತ್ತು ಸೊನ್ನೆ' ಅಂತಾನೂ ಬರೀಬೇಕು. ಗುಂಪಿನಲ್ಲಿ ಫೋಟೋ ಬರ್ತವೆ, ಸೊನ್ನೆ ಬರಲ್ಲ, ಎಡವಟ್ಟು ಆಗೋದೇ ಇಲ್ಲಿ. ವಾರಕ್ಕೆ ಎರಡು ಸಲ, ಅದೇ ದಾರಿ, ಅದೇ ಒಂದು ಗಂಟೆ. ಬೆಳಗ್ಗೆ ಪೂರ್ವದ ದಡದಲ್ಲಿ ನಿಂತು ಪಶ್ಚಿಮಕ್ಕೆ ನೋಡಿ, ಬಿಸಿಲು ಬೆನ್ನಿಗಿರುತ್ತೆ. ಎದುರು ಬಿಸಿಲಲ್ಲಿ ಎಲ್ಲ ಬಾತೂ ಕರಿ ಬಾತೇ. ಹೊತ್ತು ಏರಿದ್ರೆ ನೀರಿನ ಮೇಲೆ ಝಳ ಕುಣಿಯುತ್ತೆ, ಆಮೇಲೆ ದೂರದ ಗೊರವಗಳನ್ನ ಗುರುತಿಸಿದ್ದು ನಂಬೋ ಹಾಗಿಲ್ಲ. ದೊಡ್ಡ ಗುಂಪಾದ್ರೆ ಹತ್ತು ಹಕ್ಕಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯುತ್ತೆ ನೋಡಿ, ಅದೇ ಅಳತೆ ಇಟ್ಕೊಂಡು ಮುಂದಕ್ಕೆ ಹೋಗಿ. ಮೂರು ಸಲ ಎಣಿಸಿ ಮಧ್ಯದ ಸಂಖ್ಯೆ ಬರ್ಕೊಳ್ಳಿ. ಜೊತೆಗೆ ದಡದ ಕೆಸರು ಎಷ್ಟು ಹೆಜ್ಜೆ ಅಗಲ ಇದೆ ಅನ್ನೋದೂ ಇರಲಿ. ಏಪ್ರಿಲ್‌ನಲ್ಲಿ ಒಂದು ಜೋರು ಮಳೆ ಬಂದು ಕೆಸರು ಮುಳುಗಿದ್ರೆ ಗೊರವಗಳು ಒಂದೇ ದಿನಕ್ಕೆ ಮಾಯ ಆಗ್ತವೆ, ಅದು ವಲಸೆ ಅಲ್ಲ. ಈಬರ್ಡ್‌ಗೆ, ಅಂದ್ರೆ ಹಕ್ಕಿ ಕಂಡ ಲೆಕ್ಕ ದಾಖಲಿಸೋ ಜಾಲತಾಣಕ್ಕೆ, ಹಾಕೋದಾದ್ರೆ ಕಂಡ ಎಲ್ಲ ಜಾತಿ ಸೇರಿಸಿ ಪೂರ್ಣ ಪಟ್ಟಿ ಅಂತಲೇ ಹಾಕಿ. ಆಗ ಪಟ್ಟಿಯಲ್ಲಿ ಇಲ್ಲದ ಹೆಸರಿಗೂ ಅರ್ಥ ಇರುತ್ತೆ.

ಯಾವ ಬೈನಾಕ್ಯುಲರ್ ತಗೊಳ್ಳೋದು ಅಂತ ಕೇಳಿದವರಿಗೆ: 8x42 ಸಾಕು, ಅಂದ್ರೆ ಎಂಟು ಪಟ್ಟು ದೊಡ್ಡದಾಗಿ ತೋರಿಸೋ, ಮುಂದಿನ ಮಸೂರ 42 ಮಿ.ಮೀ. ಇರೋದು. ಹೆಚ್ಚು ದೊಡ್ಡದು ಮಾಡಿ ತೋರಿಸೋದು ತಗೊಂಡ್ರೆ ಕೈ ನಡುಕಾನೂ ದೊಡ್ಡದಾಗುತ್ತೆ.

ಇನ್ನೊಂದು, ಪಟ್ಟೆತಲೆ ಹೆಬ್ಬಾತು ಎವರೆಸ್ಟ್ ಮೇಲೇ ಹಾರುತ್ತೆ ಅಂತ ಫಾರ್ವರ್ಡ್ ಬಂದಿತ್ತಲ್ಲ. ಗದಗ ಜಿಲ್ಲೆ ಮಾಗಡಿ ಕೆರೆಗೆ ಬರೋ ಹಕ್ಕಿ ಅದು. ಉಪಗ್ರಹ ಟ್ಯಾಗ್ ಹಾಕಿ ನೋಡಿದಾಗ ಸಿಕ್ಕಿದ ಹೆಚ್ಚಿನ ಎತ್ತರ 7,290 ಮೀಟರ್. ಸಾಮಾನ್ಯವಾಗಿ ಕಣಿವೆ ಹಿಡಿದು, ನೆಲದ ಏರಿಳಿತಕ್ಕೆ ತಕ್ಕ ಹಾಗೆ ಹೋಗುತ್ತೆ. ಅಷ್ಟೇ ಸಾಕಲ್ವಾ, ಎವರೆಸ್ಟ್ ಯಾಕೆ ಬೇಕು?

ದಯವಿಟ್ಟು ಫೋಟೋಗೋಸ್ಕರ ಹಕ್ಕಿ ಎಬ್ಬಿಸ್ಬೇಡಿ. ಈಗ ಅವು ತಿಂದು ಕೊಬ್ಬು ಕೂಡಿಸ್ಕೊಳ್ಳೋ ಹೊತ್ತು. ತಲೆ ಎತ್ತಿ ನಿಮ್ಮನ್ನೇ ನೋಡೋಕೆ ಶುರು ಮಾಡಿದ್ರೆ ಅಲ್ಲೇ ನಿಲ್ಲಿ. ಮೊಬೈಲಲ್ಲಿ ಕೂಗು ಹಾಕಿ ಕರೆಯೋದೂ ಬೇಡ.

ಮೇ ತಿಂಗಳಲ್ಲಿ ಒಂಟಿ ಗೊರವ ಕಂಡ್ರೆ ತಪ್ಪು ನೋಡಿದೆ ಅಂದ್ಕೊಂಡು ಅಳಿಸ್ಬೇಡಿ. ಮೊದಲ ವರ್ಷದ ಕೆಲವು ಮರಿಗಳು ಬೇಸಿಗೆಗೂ ಇಲ್ಲೇ ಉಳೀತವೆ. ಆ ಸಿಪಿಲೆ ಫೋಟೋ ಇನ್ನೊಂದಿದ್ರೆ ಹಾಕಿ, ಪಕ್ಕದಿಂದ ತೆಗೆದಿದ್ದು, ತಲೆ ಕಾಣೋ ಹಾಗೆ.